ಸಿಗರೇಟು ಬಿಡುವಾಗ: ಒಬ್ಬ ಜೊತೆಗಾರನೋ, ಗುಂಪೋ?

ಸಿಗರೇಟು ಬಿಟ್ಟ ಮೊದಲ ಕೆಲವು ದಿನಗಳೇ ಅತಿ ಕಠಿಣ. ಚಡಪಡಿಕೆ, ಸಿಡುಕು ಸಾಮಾನ್ಯವಾಗಿ 2ರಿಂದ 4 ವಾರ ಕಾಡುತ್ತವೆ. ಆದರೆ ಸೇದಬೇಕೆಂಬ ಒಂದೊಂದು ತುಡಿತ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಿಗೆ ಒಬ್ಬ ಜೊತೆಗಾರನೇ ಮೇಲು: ನಡುರಾತ್ರಿಯಲ್ಲೂ ಸಂಕೋಚವಿಲ್ಲದೆ ಕರೆ ಮಾಡಬಹುದು. ತೊಡಕೆಂದರೆ, ಇಬ್ಬರೂ ಈಗಷ್ಟೇ ಬಿಡುತ್ತಿದ್ದರೆ ಒಬ್ಬರು ಜಾರಿದಾಗ ಇನ್ನೊಬ್ಬರೂ ಜಾರುವ ಭಯ. ಹಾಗಾಗಿ ಬಿಟ್ಟು ವರ್ಷ ಕಳೆದವರನ್ನೇ ಹುಡುಕಿಕೊಳ್ಳಿ.

ಸಿಗರೇಟು ಬಿಡುತ್ತಿರುವವರ ಗುಂಪು ಸಭೆ ಸೇರುವುದು ನಿಗದಿತ ದಿನಗಳಲ್ಲಿ ಮಾತ್ರ. ಆದರೂ ಒಬ್ಬರು ಕೈಬಿಟ್ಟರೆ ಉಳಿದವರು ಇರುತ್ತಾರೆ. ಎಡವಿದವರು ಮತ್ತೆ ಎದ್ದು ನಿಂತದ್ದನ್ನು ಕಣ್ಣಾರೆ ಕಾಣುತ್ತೀರಿ. ಹಿಂದೆ ಹಲವು ಸಲ ಸೋತು ನಾಚಿಕೆಯಿಂದ ಕುಗ್ಗಿದವರಿಗೆ ನಾನು ಗುಂಪನ್ನೇ ಹೇಳುತ್ತೇನೆ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಮಾತ್ರೆಗಳ ವಿಷಯವನ್ನು ಮಾತ್ರ ವೈದ್ಯರ ಬಳಿಯೇ ಕೇಳಿ.