ಡೆಕ್ ಅಕ್ಷದ ಸಡಿಲ ಮತ್ತು ನನ್ನ ಇಕ್ವಟೋರಿಯಲ್ ಮೌಂಟ್: ದೀರ್ಘ ಬಳಕೆಯ ನಂತರ

ಕೆಲವು ವರ್ಷಗಳಿಂದ ಬಳಸುತ್ತಿರುವ ಈ ಮೌಂಟ್ (ಭೂಮಿಯ ತಿರುಗುವಿಕೆಗೆ ಸರಿಯಾಗಿ ದೂರದರ್ಶಕವನ್ನು ತಿರುಗಿಸುವ ನೆಲೆ) ಎಷ್ಟು ತೂಕ ಹೊರುತ್ತದೆ, ಹೇಳಿದ ಆಕಾಶಕಾಯದತ್ತ ತಾನೇ ತಿರುಗುವ ಅದರ ಗೋಟು ವ್ಯವಸ್ಥೆ ಹೇಗಿದೆ ಎಂಬುದನ್ನು ಕೊಳ್ಳುವವರು ಈಗಾಗಲೇ ಓದಿಕೊಂಡಿರುತ್ತಾರೆ. ವರ್ಮ್ ಗೇರಿನ (ತಿರುಪಿನಂಥ ಸರಳು ಹಲ್ಲುಚಕ್ರವನ್ನು ತಿರುಗಿಸುವ ಜೋಡಣೆ) ಮಧ್ಯಮ ಬೆಲೆಯ ಮೌಂಟ್‌ಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಬಗೆಯವು. ಆದ್ದರಿಂದ ಕಂಪನಿಯ ಹೆಸರನ್ನು ಬದಿಗಿಟ್ಟು, ದೂರದರ್ಶಕವನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸುವ, ನನ್ನನ್ನು ಬಹುಕಾಲ ಕಾಡಿದ ಡೆಕ್ ಅಕ್ಷದ ಬಗ್ಗೆಯೇ ಬರೆಯುತ್ತೇನೆ.

ಪೂರ್ವ-ಪಶ್ಚಿಮಕ್ಕೆ ತಿರುಗಿಸುವ ಆರ್‌ಎ ಅಕ್ಷದ ಮೇಲೆ ನನಗೆ ದೂರಿಲ್ಲ. 180 ಹಲ್ಲುಗಳ ಚಕ್ರವನ್ನು ತಿರುಗಿಸುವ ವರ್ಮ್ ಸುಮಾರು 8 ನಿಮಿಷಕ್ಕೊಂದು ಸುತ್ತು ಬರುತ್ತದೆ. ಆ ಸುತ್ತಿನೊಳಗಿನ ಪೀರಿಯಾಡಿಕ್ ಎರರ್ (ಪ್ರತಿ ಸುತ್ತಿನಲ್ಲೂ ಮರುಕಳಿಸುವ ಏರುಪೇರು) ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದರಿಂದ, ಎರಡು ಮೂರು ಸೆಕೆಂಡಿನ ಎಕ್ಸ್‌ಪೋಶರ್ ಇಟ್ಟು ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟಿರುವ ಗೈಡ್ ಕ್ಯಾಮೆರಾ ಅದನ್ನು ಸಲೀಸಾಗಿ ತಿದ್ದುತ್ತದೆ. ಮೇಲಾಗಿ ಆರ್‌ಎ ಮೋಟಾರು ಸದಾ ಪಶ್ಚಿಮಕ್ಕೇ ತಿರುಗುತ್ತಿರುತ್ತದೆ. ಹೀಗೆ ತಿದ್ದುವ ಗೈಡಿಂಗ್ ಅದರ ವೇಗವನ್ನು ಹೆಚ್ಚುಕಡಿಮೆ ಮಾಡುತ್ತದೆಯೇ ಹೊರತು ದಿಕ್ಕನ್ನು ಬದಲಿಸುವುದಿಲ್ಲ. ಹಾಗಾಗಿ ಹಲ್ಲುಗಳು ಯಾವಾಗಲೂ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತವೆ.

ಡೆಕ್ ಮೋಟಾರಿನ ಪಾಡು ಬೇರೆ. ಅದು ಒಮ್ಮೆ ಉತ್ತರಕ್ಕೆ, ಒಮ್ಮೆ ದಕ್ಷಿಣಕ್ಕೆ ಚೂರುಚೂರೇ ತಿರುಗಬೇಕು. ದಿಕ್ಕು ಬದಲಾದಾಗಲೆಲ್ಲ ಹಲ್ಲುಗಳ ನಡುವಿನ ಸಡಿಲ ಮುಗಿಯುವವರೆಗೆ ಮೋಟಾರು ತಿರುಗಿದರೂ ದೂರದರ್ಶಕ ಅಲುಗುವುದಿಲ್ಲ; ಗೈಡಿಂಗ್ ನಡೆಸುವ ಪಿಎಚ್‌ಡಿ2 ತಂತ್ರಾಂಶ ಮತ್ತೆ ಮತ್ತೆ ಆಜ್ಞೆ ಕಳಿಸುತ್ತದೆ, ಕೊನೆಗೆ ಹಲ್ಲು ಕಚ್ಚಿಕೊಂಡ ಕ್ಷಣ ನಕ್ಷತ್ರ ಆಚೆ ಬದಿಗೆ ಜಿಗಿಯುತ್ತದೆ, ಅದನ್ನು ಹಿಂದಕ್ಕೆ ತರಲು ಹೋದರೆ ಮತ್ತದೇ ಕತೆ. ಆ ತಂತ್ರಾಂಶದ ಗೈಡಿಂಗ್ ಅಸಿಸ್ಟೆಂಟ್‌ನಲ್ಲಿ ಅಳೆದಾಗ ನನ್ನ ಮೌಂಟಿನ ಸಡಿಲ ಮುಗಿಯಲು ಮೋಟಾರು ಮೂರು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ತಿರುಗಬೇಕಿತ್ತು. ಮಾರಿದವರನ್ನು ಕೇಳಿದರೆ ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಇನ್ನೂ ಸರಿಯಾಗಿ ಮಾಡಿ ಎಂಬ ಒಂದೇ ಉತ್ತರ. ವರ್ಮ್ ಒತ್ತುವ ಪುಟ್ಟ ಸ್ಕ್ರೂಗಳನ್ನು ಕೂದಲೆಳೆಯಷ್ಟು ಬಿಗಿ ಮಾಡಿ ಸಡಿಲವನ್ನು ಅರ್ಧಕ್ಕೆ ಇಳಿಸಿದೆನಾದರೂ, ಹಗಲಿನಲ್ಲಿ ಹದವಾಗಿದ್ದ ಬಿಗಿ ರಾತ್ರಿಯ ಚಳಿಗೆ ಅಲ್ಲಲ್ಲಿ ಹಿಡಿದುಕೊಳ್ಳುತ್ತಿತ್ತು. ಇಷ್ಟು ಹಣ ಕೊಟ್ಟ ವಸ್ತುವನ್ನು ಕೊಂಡವನೇ ಕುಳಿತು ರಿಪೇರಿ ಮಾಡಬೇಕೆಂಬುದು ನನಗೆ ಈಗಲೂ ಒಪ್ಪಿಗೆಯಾಗಿಲ್ಲ.

ನಮ್ಮ ಅಕ್ಷಾಂಶವೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ನಾನು ಚಿತ್ರ ತೆಗೆಯುವುದು ಪಾವಗಡದ ಕಡೆ. ಅಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 14 ಡಿಗ್ರಿ ಮೇಲಿರುತ್ತದೆ, ಬಹಳ ಸಲ ಮರಗಳ ಹಿಂದೆಯೋ ಧೂಳಿನೊಳಗೋ ಮರೆಯಾಗಿರುತ್ತದೆ. ಅಷ್ಟು ತಗ್ಗಿನಲ್ಲಿ ವಾತಾವರಣದ ವಕ್ರೀಭವನವೇ ಅದನ್ನು ಸುಮಾರು 4 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರುವತ್ತನೇ ಒಂದು ಭಾಗ) ಎತ್ತಿ ತೋರಿಸುತ್ತದೆ. ಮೌಂಟ್ ಹೆಚ್ಚುಕಡಿಮೆ ಮಲಗಿದಂತಿರುವುದರಿಂದ ಪ್ರತಿತೂಕದ ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ತಾಗುತ್ತದೆ. ನಡುವೆ ಒಂದು ಎಕ್ಸ್‌ಟೆನ್ಶನ್ ಕಂಬ ಹಾಕಿದ ಮೇಲೆ ಆ ಕಾಟ ತಪ್ಪಿತು.

ಕತ್ತಲಾಗುವ ಮೊದಲಿನ ಸಿದ್ಧತೆ ಮಾತ್ರ ನನಗೆ ಬಲು ಇಷ್ಟ. ಕ್ಲಚ್ ಸಡಿಲಿಸಿ, ಕ್ಯಾಮೆರಾ, ಫಿಲ್ಟರ್, ಇಬ್ಬನಿ ತಡೆಯುವ ಡ್ಯೂ ಹೀಟರ್ ಎಲ್ಲವನ್ನೂ ಕಟ್ಟಿ, ಫೋಕಸ್ ಇರುವ ಸ್ಥಿತಿಯಲ್ಲೇ ತೂಗಿಸಬೇಕು. ಬೆರಳ ತುದಿಯಿಂದ ತಳ್ಳಿದರೆ ಎರಡೂ ಕಡೆ ಒಂದೇ ಹದದಲ್ಲಿ ಚಲಿಸಬೇಕು. ಬಳಿಕ ಪೂರ್ವದ ಕಡೆಗೆ ಒಂದಿಷ್ಟು ಭಾರ ಉಳಿಯುವಂತೆ ಪ್ರತಿತೂಕವನ್ನು ಒಂದು ಬೆರಳಗಲ ಸರಿಸುತ್ತೇನೆ, ಕೇಬಲ್‌ಗಳನ್ನೆಲ್ಲ ಒಂದೇ ಕಟ್ಟಾಗಿ ಸುತ್ತಿ ಡೆಕ್ ಅಕ್ಷದ ಬಳಿ ಬಿಗಿಯುತ್ತೇನೆ, ದೂರದರ್ಶಕವನ್ನು ಕೈಯಿಂದಲೇ ಈ ದಿಗಂತದಿಂದ ಆ ದಿಗಂತಕ್ಕೆ ತಿರುಗಿಸಿ ಯಾವ ತಂತಿಯೂ ಜಗ್ಗುವುದಿಲ್ಲವೆಂದು ನೋಡಿಕೊಳ್ಳುತ್ತೇನೆ. ಆಜ್ಞೆಗೆ ಮೌಂಟ್ ಎಷ್ಟು ಸರಿಯುತ್ತದೆಂದು ಪಿಎಚ್‌ಡಿ2 ಮೊದಲೇ ಅಳೆದುಕೊಳ್ಳುವ ಕ್ಯಾಲಿಬ್ರೇಶನ್‌ಗೆ ಖಗೋಳ ವಿಷುವದ್ವೃತ್ತದ ಸಮೀಪದ ನಕ್ಷತ್ರವೇ ಆಗಬೇಕು; ಚಳಿಗಾಲದಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಆಸುಪಾಸು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಮೌಂಟಿನ ಮೇಲಿನ ನನ್ನ ಸಿಟ್ಟು ಇಳಿದದ್ದು ಒಂದೇ ದಿಕ್ಕಿನ ಗೈಡಿಂಗ್ ಹಿಡಿದ ಮೇಲೆ. ಪೋಲಾರ್ ಅಲೈನ್‌ಮೆಂಟ್ ಕರಾರುವಾಕ್ಕಾದಷ್ಟೂ ಡೆಕ್‌ನಲ್ಲಿ ನಕ್ಷತ್ರ ಒಂದೇ ಬದಿಗೆ ಸರಿಯುವುದು ನಿಂತು, ಮೋಟಾರು ಎರಡೂ ಕಡೆಗೆ ತಡಕಾಡುತ್ತದೆ. ಬೇಕೆಂದೇ, ಮೌಂಟನ್ನು ಎಡಬಲಕ್ಕೆ ಸರಿಸುವ ಅಜಿಮತ್ ತಿರುಪನ್ನು ಸ್ವಲ್ಪ ತಿರುಗಿಸಿ 5 ಆರ್ಕ್‌ಮಿನಿಟ್ ದೋಷ ಉಳಿಸಿದರೆ, ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 1.3 ಆರ್ಕ್‌ಸೆಕೆಂಡಿನಂತೆ (ಆರ್ಕ್‌ಮಿನಿಟ್‌ನ ಅರುವತ್ತನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಒಂದೇ ಬದಿಗೆ ಸರಿಯುತ್ತದೆ. ಆಗ ಪಿಎಚ್‌ಡಿ2ರಲ್ಲಿ ಡೆಕ್ ಗೈಡಿಂಗನ್ನು ಅದಕ್ಕೆದುರಾದ ದಿಕ್ಕಿಗೆ ಮಾತ್ರ ಮಿತಗೊಳಿಸಿದರೆ ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ, ಸಡಿಲ ಇದ್ದೂ ಇಲ್ಲದಂತೆ. ನಕ್ಷತ್ರ ನಡುನೆತ್ತಿಯ ಉತ್ತರ-ದಕ್ಷಿಣ ರೇಖೆ ದಾಟಿದಾಗ ದೂರದರ್ಶಕವನ್ನು ಮೌಂಟಿನ ಆಚೆ ಬದಿಗೆ ಹೊರಳಿಸುವ ಮೆರಿಡಿಯನ್ ಫ್ಲಿಪ್ ಆದ ಬಳಿಕ ಯಾವ ದಿಕ್ಕು ಬೇಕೆಂದು ಮತ್ತೆ ನೋಡಿಕೊಳ್ಳಬೇಕು, ಚಿತ್ರಗಳ ನಡುವೆ ದೂರದರ್ಶಕವನ್ನು ಬೇಕೆಂದೇ ಚೂರು ಸರಿಸುವ ಡಿದರಿಂಗ್‌ನ ಜಿಗಿತವನ್ನೂ ಆರ್‌ಎಗೆ ಸೀಮಿತಗೊಳಿಸುವುದು ಒಳ್ಳೆಯದು. ಇಲ್ಲದಿದ್ದರೆ ನಕ್ಷತ್ರ ತಪ್ಪು ಬದಿಗೆ ಹೋಗಿ ಕುಳಿತು ಮರಳಲು ಬಹಳ ಹೊತ್ತು ಹಿಡಿಯುತ್ತದೆ.

ನನ್ನದು 400 ಮಿಲಿಮೀಟರ್ ನಾಭಿದೂರದ ಪುಟ್ಟ ದೂರದರ್ಶಕ. 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾದೊಂದಿಗೆ ಒಂದು ಪಿಕ್ಸೆಲ್ಲಿಗೆ 1.94 ಆರ್ಕ್‌ಸೆಕೆಂಡ್ ಬರುವುದರಿಂದ, ಗೈಡಿಂಗ್ ದೋಷ ಒಂದು ಆರ್ಕ್‌ಸೆಕೆಂಡಿನೊಳಗಿದ್ದರೆ ಮೂರು ನಿಮಿಷದ ಚಿತ್ರದಲ್ಲಿ ನಕ್ಷತ್ರಗಳು ದುಂಡಗೇ ಬರುತ್ತವೆ, ಉಳಿಸಿದ ದೋಷದಿಂದಾಗುವ ಫೀಲ್ಡ್ ರೊಟೇಶನ್ನೂ (ಚಿತ್ರದ ನೋಟವೇ ನಿಧಾನವಾಗಿ ಸುತ್ತುವುದು) ಕಣ್ಣಿಗೆ ಬೀಳುವುದಿಲ್ಲ. ನನ್ನ ಜೇಬಿಗೆ ಸಡಿಲ ಬಹುತೇಕ ಇಲ್ಲದ ಹಾರ್ಮೋನಿಕ್ ಡ್ರೈವ್ ಮೌಂಟ್ ಸದ್ಯಕ್ಕೆ ದೂರದ ಮಾತಾದ್ದರಿಂದ ಇದನ್ನು ಮಾರುವ ಯೋಚನೆಯಿಲ್ಲ. ಒಂದು ಮೀಟರ್ ನಾಭಿದೂರದಲ್ಲಿ ಸಣ್ಣ ಗ್ಯಾಲಕ್ಸಿಗಳನ್ನು ಹಿಡಿಯಬೇಕೆನ್ನುವವರು ಮಾತ್ರ, ಕೊಳ್ಳುವ ಮುನ್ನ ಡೆಕ್ ಅಕ್ಷದ ಕ್ಲಚ್ ಬಿಗಿದು ಕೈಯಿಂದ ಅಲುಗಿಸಿ ನೋಡಿ, ಟಕ್ಕೆಂಬ ಸದ್ದು ಬಂದರೆ ಬೇರೊಂದನ್ನು ತೋರಿಸಲು ಹೇಳಿ.