ಎಸ್‌ವಿಜಿ ಫೈಲ್ ಚಿಕ್ಕದಿದೆ ಅಂತ ನಂಬಬೇಡಿ, ಮೆಮೊರಿ ನೋಡಿ

ಆ್ಯಪ್‌ನಲ್ಲಿ ಎಸ್‌ವಿಜಿ ಚಿತ್ರ (ಪಿಕ್ಸೆಲ್‌ಗಳ ಬದಲು ಗೆರೆ, ಆಕಾರಗಳ ವಿವರಣೆ ಇರುವ ಫೈಲ್) ತೋರಿಸುವವರು, ಅದರಲ್ಲೂ ಜೂಮ್ ಕೊಡುವವರು, ದಯವಿಟ್ಟು ಓದಿ. ನಮ್ಮದು ಕಟ್ಟಡದ ನಕ್ಷೆ ತೋರಿಸುವ ಆಂಡ್ರಾಯ್ಡ್ ಆ್ಯಪ್. ಫೈಲ್ ಕೆಲವೇ ಕೆಬಿ, ತೆರೆಯುವುದೂ ಬೇಗ. ಆದರೆ ಬಳಸುವವರು ನಾಲ್ಕಾರು ಸಲ ಜೂಮ್ ಮಾಡಿದರೆ ಸಾಕು, ಆ್ಯಪ್ ತಾನಾಗಿಯೇ ಮುಚ್ಚಿಹೋಗುತ್ತಿತ್ತು. ಕ್ರ್ಯಾಶ್ ವರದಿಯಲ್ಲಿ ಏನೂ ಸಿಗಲಿಲ್ಲ. ಮೆಮೊರಿ ಸಾಲದೆ ಸಿಸ್ಟಮ್ಮೇ ಆ್ಯಪನ್ನು ನಿಲ್ಲಿಸಿದಾಗ ನಮ್ಮ ಕೋಡ್‌ನ ಎರರ್ ಅಂತ ಯಾವುದೂ ಬರುವುದಿಲ್ಲ, ಅಲ್ವಾ?

ಜಾವಾ ಹೀಪ್ (ಆ್ಯಪ್‌ನ ಜಾವಾ ಕೋಡ್ ಬಳಸುವ ಮೆಮೊರಿ) ನೋಡಿದರೆ ಅಲ್ಲೂ ಎಲ್ಲ ಸರಿಯಾಗಿತ್ತು. ಆಂಡ್ರಾಯ್ಡ್ 8ರಿಂದ ಬಿಟ್‌ಮ್ಯಾಪ್‌ನ (ಪಿಕ್ಸೆಲ್‌ಗಳಾಗಿ ಬಿಡಿಸಿಟ್ಟ ಚಿತ್ರದ) ಪಿಕ್ಸೆಲ್‌ಗಳು ಜಾವಾ ಹೀಪ್‌ನ ಹೊರಗಿರುವ ನೇಟಿವ್ ಮೆಮೊರಿಯಲ್ಲಿ ಕೂರುತ್ತವೆ. ಅಲ್ಲಿ ನೋಡಿದಾಗಲೇ ವಿಷಯ ಗೊತ್ತಾಗಿದ್ದು.

ಎಸ್‌ವಿಜಿ ಬಿಡಿಸಲು ನಾವು ಬಳಸಿದ ಲೈಬ್ರರಿ (ಸಿದ್ಧ ಕೋಡ್) ಇಡೀ ನಕ್ಷೆಯನ್ನು ಬಿಟ್‌ಮ್ಯಾಪ್ ಮಾಡಿ ಕ್ಯಾಶ್‌ನಲ್ಲಿ, ಅಂದರೆ ಮತ್ತೆ ಬಳಸಲು ಅಂತ ಮೆಮೊರಿಯಲ್ಲಿ, ಇಡುತ್ತಿತ್ತು. ಪರದೆ ಮೇಲೆ ಕಾಣುವ ಭಾಗ ಮಾತ್ರ ಅಲ್ಲ, ಇಡೀ ನಕ್ಷೆ. ಲೆಕ್ಕ ಹಾಕಿ: ಒಂದು ಪಿಕ್ಸೆಲ್‌ಗೆ 4 ಬೈಟ್. 2000 × 2000 ಇದ್ದರೆ 16 ಎಂಬಿ. ಎರಡು ಪಟ್ಟು ಜೂಮ್ ಮಾಡಿದರೆ ಉದ್ದ ಅಗಲ ಎರಡೂ ಬೆಳೆದು 64 ಎಂಬಿ, ನಾಲ್ಕು ಪಟ್ಟಿಗೆ 256 ಎಂಬಿ. ಇಷ್ಟೇ ಆಗಿದ್ದರೆ ಹೇಗೋ ತಡೆಯಬಹುದಿತ್ತು. ಆದರೆ ಬೆರಳಲ್ಲಿ ಜೂಮ್ ಮಾಡುವಾಗ 1.13, 1.14 ಅಂತ ಅಳತೆ ಬದಲಾಗುತ್ತಲೇ ಇರುತ್ತದೆ, ಆ ಲೈಬ್ರರಿ ಪ್ರತಿ ಅಳತೆಗೂ ಹೊಸ ಬಿಟ್‌ಮ್ಯಾಪ್ ಮಾಡಿ ಹಳೆಯದನ್ನು ಬಿಡದೆ ಹಾಗೇ ಇಟ್ಟುಕೊಳ್ಳುತ್ತಿತ್ತು. ಕ್ಯಾಶ್‌ಗೆ ಮಿತಿಯೇ ಇಲ್ಲ! ಇದನ್ನು ಡಾಕ್ಯುಮೆಂಟೇಶನ್‌ನಲ್ಲಿ ಒಂದು ಸಾಲಾದರೂ ಬರೆಯಬೇಕಿತ್ತು, ಬರೆದಿರಲಿಲ್ಲ. ಇದು ಬಹಳ ತಪ್ಪು. ಇದರಿಂದ ಕಡಿಮೆ ರ್‍ಯಾಮ್ ಇರುವ ಫೋನಿನವರೇ ಮೊದಲು ಒದ್ದಾಡಿದ್ದು.

ಬ್ಲರ್ (ಮಸುಕು), ಮಾಸ್ಕ್ (ಚಿತ್ರದ ಒಂದು ಭಾಗ ಮರೆಮಾಡುವುದು), ಆಕಾರಗಳ ಇಡೀ ಗುಂಪಿಗೆ ಹಾಕಿದ ಒಪ್ಯಾಸಿಟಿ (ಪಾರದರ್ಶಕತೆ), ಇವುಗಳ ಮೇಲೂ ಕಣ್ಣಿಡಿ. ಇವನ್ನು ಸಾಮಾನ್ಯವಾಗಿ ನೇರವಾಗಿ ಪರದೆಗೆ ಬಿಡಿಸಲು ಆಗುವುದಿಲ್ಲ, ಮೊದಲು ಬೇರೆ ಬಫರ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಬಿಡಿಸಿ ಆಮೇಲೆ ಬೆರೆಸಬೇಕು. ಒಂದರೊಳಗೆ ಒಂದು ಗುಂಪು ಇದ್ದರೆ ಒಂದೇ ಹೊತ್ತಿಗೆ ಹಲವು ಬಫರ್‌ಗಳು ಬೇಕು. ನಮ್ಮ ನಕ್ಷೆಯಲ್ಲಿ ಪ್ರತಿ ಕೋಣೆಗೂ ಸುಮ್ನೆ ಅಂದಕ್ಕೆ ಅಂತ ನೆರಳು ಇತ್ತು. ತೆಗೆದ ಮೇಲೆ ನಕ್ಷೆ ಬಿಡಿಸುವ ವೇಗವೂ ಜಾಸ್ತಿಯಾಯಿತು.

ಹಾಗಾಗಿ ಲೈಬ್ರರಿ ಆರಿಸುವ ಮುಂಚೆಯೇ ಇದನ್ನೆಲ್ಲ ನೋಡಿಕೊಳ್ಳಿ: ಕ್ಯಾಶ್‌ಗೆ ಬೈಟ್‌ಗಳಲ್ಲಿ ಮಿತಿ ಹಾಕಬಹುದಾ, ಕಾಣುವ ಭಾಗ ಮಾತ್ರ ಬಿಡಿಸುತ್ತದಾ, ಹಳೆಯ ಬಫರ್ ಯಾವಾಗ ಬಿಡುತ್ತದೆ. ಕೋಡ್ ಓದಲು ಸಿಗದಿದ್ದರೆ ಹಳೆಯ ಫೋನಿನಲ್ಲಿ ದೊಡ್ಡ ಚಿತ್ರ ಹಾಕಿ, ಜೂಮ್ ಮಾಡುತ್ತಾ ನೇಟಿವ್ ಮೆಮೊರಿ ನೋಡಿ. ಬೆರಳು ತೆಗೆದ ಮೇಲೂ ಅದು ಇಳಿಯದೆ ಏರುತ್ತಲೇ ಹೋದರೆ ಆ ಲೈಬ್ರರಿ ಬೇಡವೇ ಬೇಡ.

ನಾವು ಕೊನೆಗೆ ಅದನ್ನು ಕಿತ್ತು ಹಾಕಿ, ಕಾಣುವ ಭಾಗವನ್ನು ಮಾತ್ರ 256 × 256 ಪಿಕ್ಸೆಲ್‌ನ ಟೈಲ್‌ಗಳಾಗಿ (ಚೌಕ ತುಂಡುಗಳಾಗಿ) ಬಿಡಿಸಲು ಶುರು ಮಾಡಿದೆವು. ಒಂದು ಟೈಲ್‌ಗೆ 256 ಕೆಬಿ. 1080 × 2400ರ ಪರದೆಗೆ ಹೆಚ್ಚೆಂದರೆ 66 ಟೈಲ್ ಬೇಕು, ಅಂದರೆ 17 ಎಂಬಿ ಒಳಗೆ. ಎಷ್ಟೇ ಜೂಮ್ ಮಾಡಿದರೂ ಅಷ್ಟೇ.