ಕೆಸಿಸ್ಯಾನ್: ಕರ್ನಲ್ಲಿನ ಡೇಟಾ ರೇಸ್ ಹಿಡಿಯುವ ಸಲಕರಣೆಯ ವಿಮರ್ಶೆ

ಸಕಲೇಶಪುರದ ತೋಟಗಳಲ್ಲಿ ಕಾಫಿ ಒಣಗಿಸುವ ಕಣಗಳಿಗಾಗಿ ತೇವಾಂಶ ಅಳೆಯುವ ಉಪಕರಣವೊಂದನ್ನು ಹಾಸನದ ನಮ್ಮ ಸಣ್ಣ ತಂಡ ಸಿದ್ಧಪಡಿಸುತ್ತಿದ್ದು, ಅದರ ಲಿನಕ್ಸ್ ಡ್ರೈವರ್ (ಉಪಕರಣವನ್ನು ನಡೆಸುವ ಕೋಡ್) ಪರೀಕ್ಷೆಗೆ ಕೆಸಿಸ್ಯಾನ್ (KCSAN) ಬಳಸುತ್ತಿದ್ದೇವೆ. ಒಂದೇ ಮೆಮೊರಿ ಜಾಗವನ್ನು ಎರಡು ಕಡೆಯ ಕೋಡ್ ಹೊಂದಾಣಿಕೆಯಿಲ್ಲದೆ ಒಮ್ಮೆಲೇ ಮುಟ್ಟಿ, ಒಂದಾದರೂ ಬರೆಯುತ್ತಿದ್ದರೆ ಅದು ಡೇಟಾ ರೇಸ್; ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ಅದನ್ನು ಹಿಡಿಯುವುದೇ ಕೆಸಿಸ್ಯಾನ್ ಕೆಲಸ. 2020ರಲ್ಲಿ ಬಂದ ಲಿನಕ್ಸ್ 5.8ರಿಂದ ಇದು ಕರ್ನಲ್ಲಿನ ಭಾಗವೇ ಆಗಿರುವುದರಿಂದ ಹಣ ಕೊಡುವ ಪ್ರಶ್ನೆಯಿಲ್ಲ.

ಇದು ಕೆಲಸ ಮಾಡುವ ರೀತಿ ಸರಳ. ಪ್ರತಿ ಸಿಪಿಯುವಿನಲ್ಲೂ ಸುಮಾರು 4000 ಮೆಮೊರಿ ಪ್ರವೇಶಗಳನ್ನು ಬಿಟ್ಟು, ಮುಂದಿನದರ ಮೇಲೆ ಕಾವಲಿಟ್ಟು, ಟಾಸ್ಕ್ (ಸಾಮಾನ್ಯವಾಗಿ ಓಡುವ ಕೆಲಸ) ಆಗಿದ್ದರೆ 80 ಮೈಕ್ರೋಸೆಕೆಂಡ್, ಇಂಟರಪ್ಟ್ (ಯಂತ್ರಾಂಶದಿಂದ ಬರುವ ತುರ್ತು ಕರೆ) ಆಗಿದ್ದರೆ 20 ಮೈಕ್ರೋಸೆಕೆಂಡ್ ತಡೆದು ನಿಲ್ಲಿಸುತ್ತದೆ. ಅಷ್ಟರೊಳಗೆ ಇನ್ನೊಂದು ಸಿಪಿಯು ಅದೇ ಜಾಗವನ್ನು ಮುಟ್ಟಿ, ಎರಡರಲ್ಲಿ ಒಂದಾದರೂ ಬರವಣಿಗೆಯಾಗಿದ್ದರೆ ವರದಿ ಬರುತ್ತದೆ. ಕರ್ನಲ್ ಗಮನಾರ್ಹವಾಗಿ ನಿಧಾನವಾಗುವುದು ಸಹಜ; ಇದನ್ನು ಗ್ರಾಹಕರ ಉಪಕರಣದಲ್ಲಿ ಓಡಿಸುವ ಯೋಚನೆ ಬೇಡ.

ವರದಿಯ ಸ್ಪಷ್ಟತೆಯೇ ಇದರ ದೊಡ್ಡ ಗುಣ. ನಮಗೆ ಬಂದ ಒಂದು ವರದಿಯಲ್ಲಿ, ಸಿಪಿಯು 0ರಲ್ಲಿ ಇಂಟರಪ್ಟ್ ಹ್ಯಾಂಡ್ಲರ್ 4 ಬೈಟುಗಳ ಫ್ಲ್ಯಾಗ್ (ಸ್ಥಿತಿ ಸೂಚಿಸುವ ಚರ) ಬರೆಯುತ್ತಿದ್ದದ್ದು, ಸಿಪಿಯು 1ರ ಟಾಸ್ಕೊಂದು ಅದನ್ನೇ ಲೂಪಿನಲ್ಲಿ ಓದುತ್ತಿದ್ದದ್ದು, ಮೌಲ್ಯ ಸೊನ್ನೆಯಿಂದ ಒಂದಾದದ್ದು, ಎರಡೂ ಕಡೆಯ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ) ಸಹಿತ ಕಾಣಿಸಿತು. ಆ ಓದನ್ನು ಕಂಪೈಲರ್ ಲೂಪಿನಿಂದ ಹೊರಗೆತ್ತಿ ಒಮ್ಮೆ ಮಾತ್ರ ಓದುವಂತೆ ಮಾಡಿದರೆ ಟಾಸ್ಕ್ ಎಂದೆಂದಿಗೂ ಕಾಯುತ್ತಲೇ ಇರಬಹುದು.

ಕಟುವಾಗಿ ಹೇಳಬೇಕಾದದ್ದು ಡಿಫಾಲ್ಟ್ ಸೆಟ್ಟಿಂಗ್ ಬಗ್ಗೆ. ಯಂತ್ರದ ಪದದಷ್ಟು (ಸಿಪಿಯು ಒಮ್ಮೆಗೆ ನಿಭಾಯಿಸುವಷ್ಟು) ಗಾತ್ರದವರೆಗಿನ, ಸರಿಯಾಗಿ ಅಲೈನ್ ಆದ (ಗಾತ್ರಕ್ಕೆ ಹೊಂದುವ ವಿಳಾಸದಲ್ಲಿರುವ) ಸಾಮಾನ್ಯ ಬರವಣಿಗೆಯನ್ನು ಅದು ಅಟಾಮಿಕ್, ಅಂದರೆ ನಡುವೆ ತುಂಡಾಗದೆ ಒಂದೇ ಏಟಿಗೆ ಆಗುವಂಥದ್ದು, ಎಂದೇ ಊಹಿಸುತ್ತದೆ. ಹಾಗಾಗಿ ಮೇಲಿನ ಫ್ಲ್ಯಾಗಿನ ಓದುವ ಬದಿಗೆ ಮಾತ್ರ ರೀಡ್ ಒನ್ಸ್ (ಇದು ಹಂಚಿಕೊಂಡ ಓದು ಎಂದು ಕಂಪೈಲರಿಗೆ ಹೇಳುವ READ_ONCE ಗುರುತು) ಹಚ್ಚಿ, ಬರೆಯುವ ಬದಿಯನ್ನು ಹಾಗೆಯೇ ಬಿಟ್ಟರೂ ಕೆಸಿಸ್ಯಾನ್ ಸುಮ್ಮನಾಗುತ್ತದೆ, ರೇಸ್ ಮಾತ್ರ ಉಳಿಯುತ್ತದೆ. ಅವಸರದಲ್ಲಿರುವವರಿಗೆ ಇದು ಅಪಾಯಕಾರಿ ಅನುಕೂಲ. ಸ್ಟ್ರಿಕ್ಟ್ ಆಯ್ಕೆಯನ್ನು ಆನ್ ಮಾಡಿದರೆ ಈ ಊಹೆ ಹೋಗುತ್ತದೆ. ವರದಿಗಳು ಹೆಚ್ಚಾದರೂ ನನ್ನ ಮತ ಅದಕ್ಕೇ.

ಆದರೆ ಎರಡೂ ಬದಿಗೆ ಗುರುತು (ಓದಿಗೆ ರೀಡ್ ಒನ್ಸ್, ಬರವಣಿಗೆಗೆ ರೈಟ್ ಒನ್ಸ್) ಹಾಕಿದ ಮೇಲೂ, ಫ್ಲ್ಯಾಗಿನ ಜೊತೆ ಬರುವ ಅಳತೆಯ ಮೌಲ್ಯ ಮೊದಲೇ ತಲುಪಿರಬೇಕೆಂಬ ಕ್ರಮ ಖಾತ್ರಿಯಾಗುವುದಿಲ್ಲ. ಅದಕ್ಕೆ ಕ್ರಮವನ್ನೂ ಕಾಯುವ ಬರವಣಿಗೆ ಮತ್ತು ಓದು, ಅಂದರೆ ಸ್ಟೋರ್ ರಿಲೀಸ್ ಮತ್ತು ಲೋಡ್ ಅಕ್ವೈರ್ ಬೇಕು. ಒಂದು ಕೌಂಟರನ್ನು ರೀಡ್ ಒನ್ಸ್‌ನಿಂದ ಓದಿ, ಒಂದು ಕೂಡಿಸಿ, ರೈಟ್ ಒನ್ಸ್‌ನಿಂದ ಬರೆದರೆ ವರದಿ ನಿಲ್ಲುತ್ತದೆಯೇ ಹೊರತು ಎಣಿಕೆ ತಪ್ಪುವುದು ನಿಲ್ಲುವುದಿಲ್ಲ. ಅಲ್ಲಿ ಲಾಕ್ ಅಥವಾ ಅಟಾಮಿಕ್ ಕೌಂಟರನ್ನೇ ಬಳಸಬೇಕು. ಯಾವುದೋ ಅಂಕಿಅಂಶದ ಕೌಂಟರ್ ಅಲ್ಪಸ್ವಲ್ಪ ತಪ್ಪಿದರೂ ನಡೆಯುತ್ತದೆಂದಾದರೆ ಈ ರೇಸ್ ಗೊತ್ತಿದ್ದೇ ಬಿಟ್ಟದ್ದೆಂದು ಸಾರುವ ಡೇಟಾ ರೇಸ್ ಮ್ಯಾಕ್ರೋ ಹಾಕಿ, ಏಕೆಂದು ಕಾಮೆಂಟ್ ಬರೆಯುವುದು ಒಳಿತು.

ಓಡಿದ ದಾರಿಗಳನ್ನಷ್ಟೇ ಇದು ಕಾಣಬಲ್ಲದು. ಆದ್ದರಿಂದ ಕಂಪ್ಯೂಟರನ್ನೇ ಅನುಕರಿಸುವ ತಂತ್ರಾಂಶವಾದ ಕೆಮುವಿನಲ್ಲಿ (QEMU) ಒಂದಕ್ಕಿಂತ ಹೆಚ್ಚು ಸಿಪಿಯು ಕೊಟ್ಟು, ಓದುವ ಟಾಸ್ಕುಗಳನ್ನೂ ಇಂಟರಪ್ಟುಗಳನ್ನೂ ಒಟ್ಟಿಗೆ ಒತ್ತುವ ಪರೀಕ್ಷೆಯನ್ನು ರಾತ್ರಿಯಿಡೀ ಬಿಡುವುದು ನಮ್ಮ ರೂಢಿ.